ಇಟ್ಟಿಗೆ ಭಟ್ಟಿ ಮತ್ತು ಗಾಜಿನ ಕೆಲಸದಲ್ಲಿ ಗಾಯಗಳನ್ನು ತಡೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಮುಗಿದು ನೆಲ ಒಣಗಿತೆಂದರೆ ಹಾವೇರಿ ಜಿಲ್ಲೆಯ ವರದಾ, ತುಂಗಭದ್ರಾ ದಂಡೆಯ ಊರುಗಳಲ್ಲಿ ಇಟ್ಟಿಗೆ ಕೊಯ್ಯುವ ಕೆಲಸ ಶುರುವಾಗಿ ಮುಂದಿನ ಮಳೆಯವರೆಗೂ ನಡೆಯುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಕಟ್ಟಡಗಳಿಗೆ ಬೇಕಾದ ಗಾಜನ್ನು ಕತ್ತರಿಸುವ, ಅಂಚು ಉಜ್ಜುವ, ತೂತು ಕೊರೆಯುವ, ಮೇಲ್ಮೈಗೆ ಚಿತ್ತಾರ ಬಿಡಿಸುವ ಕೆಲಸ ವರ್ಷವಿಡೀ ಇರುತ್ತದೆ. ಈ ಎರಡೂ ಕೆಲಸಗಳಲ್ಲಿ ತೊಡಗಿರುವ ಕಾರ್ಮಿಕರು, ಮೇಸ್ತ್ರಿಗಳು ಮತ್ತು ಮಾಲೀಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಗಾಯಗಳಾಗುವುದು ಕೆಲಸಗಾರರ ನಿರ್ಲಕ್ಷ್ಯದಿಂದಲೇ ಅಲ್ಲವೇ?

ಬಹುತೇಕ ಸಂದರ್ಭಗಳಲ್ಲಿ ಅಲ್ಲ. ಯಂತ್ರದ ಹಲ್ಲುಗಳಿಗೆ ಮುಚ್ಚಳವಿಲ್ಲದಿದ್ದರೆ, ಗಾಜಿನ ಹಾಳೆಗಳನ್ನು ಗೋಡೆಗೆ ಸುಮ್ಮನೆ ಒರಗಿಸಿ ಇಟ್ಟಿದ್ದರೆ, ಮಣ್ಣಿನ ಗುಂಡಿಯ ಬುಡವನ್ನು ಕೊರೆದು ಬಿಟ್ಟಿದ್ದರೆ, ಕೆಲಸಗಾರ ಅಂದು ಬೆಳಿಗ್ಗೆ ಬರುವ ಮೊದಲೇ ಅಪಘಾತ ಅಲ್ಲಿ ಸಿದ್ಧವಾಗಿ ಕಾದಿರುತ್ತದೆ. ಯಾವ ಮನುಷ್ಯನಿಗೂ ಹತ್ತು ಗಂಟೆ ಒಂದೇ ಸಮನೆ ಎಚ್ಚರದಿಂದ ಇರಲು ಆಗುವುದಿಲ್ಲ. ಆತ ಒಂದು ಕ್ಷಣ ಮೈಮರೆತರೂ ಬೆರಳು ಉಳಿಯುವಂತೆ ಕೆಲಸದ ಜಾಗವನ್ನು ಸಜ್ಜುಗೊಳಿಸುವುದೇ ಸುರಕ್ಷತೆ. ಇದಕ್ಕೆ ಕೂಲಿಯ ರೀತಿಯೂ ಸೇರಿಕೊಂಡಿದೆ. ಸಾವಿರ ಇಟ್ಟಿಗೆಗೆ ಇಷ್ಟು ಎಂದು ಲೆಕ್ಕ ಕಟ್ಟುವ ಕಡೆ, ಅದರಲ್ಲೂ ಮುಂಗಡ ಪಡೆದು ಬಂದ ಕುಟುಂಬಗಳಲ್ಲಿ, ನೀರು ಕುಡಿಯಲು ನಿಂತ ಹೊತ್ತೂ ನಷ್ಟವೆಂದೇ ಕಾಣುತ್ತದೆ. ಅಂಥವರಿಗೆ ಎಚ್ಚರಿಕೆಯ ಮಾತು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಕೈಗವಸು, ಶೂ, ಹೆಲ್ಮೆಟ್ ಕೊಡಿಸಿದರೆ ಮಾಲೀಕರ ಹೊಣೆ ಮುಗಿಯಿತೇ?

ಇಲ್ಲ. ಅಪಾಯವನ್ನೇ ತೆಗೆದುಹಾಕಲು ಸಾಧ್ಯವೇ ಎಂದು ಮೊದಲು ನೋಡಬೇಕು. ಆಗದಿದ್ದರೆ ಅಪಾಯಕ್ಕೂ ಮನುಷ್ಯನಿಗೂ ನಡುವೆ ತಡೆ ನಿಲ್ಲಿಸಬೇಕು. ಕೆಲಸದ ಕ್ರಮವನ್ನು ಬದಲಿಸಬೇಕು. ಇಷ್ಟಾದ ಮೇಲೂ ಉಳಿಯುವ ಅಪಾಯಕ್ಕೆ ಮಾತ್ರ ಕೈಗವಸು, ಕನ್ನಡಕ, ಮಾಸ್ಕ್‌ಗಳನ್ನು ನೆಚ್ಚಬೇಕು. ಸಾಮಗ್ರಿ ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ಗುರುತನ್ನು ನೋಡಿ: ಕೈಗಾರಿಕಾ ಹೆಲ್ಮೆಟ್‌ಗೆ ಐಎಸ್ 2925, ಸುರಕ್ಷತಾ ಪಾದರಕ್ಷೆಗೆ ಐಎಸ್ 15298, ಧೂಳು ತಡೆಯುವ ಅರ್ಧ ಮುಖದ ಮಾಸ್ಕ್‌ಗೆ ಐಎಸ್ 9473. ಇವುಗಳ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುವಂತಿಲ್ಲ.

ಮಣ್ಣು ತೆಗೆಯುವ ಗುಂಡಿಯಲ್ಲಿ ಏನನ್ನು ಗಮನಿಸಬೇಕು?

ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಸೊಂಟದವರೆಗೆ ಹೂತುಹೋದವನನ್ನು ಕೈಹಿಡಿದು ಎಳೆದು ತೆಗೆಯಲು ಆಗುವುದಿಲ್ಲ, ಎದೆಯವರೆಗೆ ಹೂತವನಿಗೆ ಉಸಿರಾಡಲು ಆಗುವುದಿಲ್ಲ. ಆದ್ದರಿಂದ ಗುಂಡಿಯ ಗೋಡೆಯನ್ನು ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಅಥವಾ ಇಳಿಜಾರಾಗಿ ಕಡಿಯಬೇಕು, ಮೇಲಿನ ಮಣ್ಣು ತಾನಾಗಿ ಬೀಳಲಿ ಎಂದು ಬುಡವನ್ನು ಕೊರೆಯುವ ರೂಢಿಯನ್ನು ಪೂರ್ತಿ ಬಿಡಬೇಕು, ತೆಗೆದ ಮಣ್ಣನ್ನೂ ಟ್ರ್ಯಾಕ್ಟರನ್ನೂ ಗುಂಡಿಯ ಅಂಚಿನಿಂದ ಕನಿಷ್ಠ ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಿಸಬೇಕು. ನಮ್ಮ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಆಳವಾಗಿ ಬಿರಿಯುತ್ತದೆ. ಅಕಾಲದ ಒಂದು ಮಳೆ ಆ ಬಿರುಕಿಗೆ ಇಳಿದರೆ ಗಟ್ಟಿಯಾಗಿ ಕಾಣುವ ಗೋಡೆಯೂ ಜಾರುತ್ತದೆ. ಮಳೆ ಬಿದ್ದ ಮರುದಿನ ಅನುಭವಸ್ಥರೊಬ್ಬರು ಅಂಚನ್ನು ಸುತ್ತಿ ನೋಡುವವರೆಗೆ ಯಾರೂ ಗುಂಡಿಗೆ ಇಳಿಯಬಾರದು. ಒಬ್ಬರೇ ಇಳಿಯುವುದಂತೂ ಎಂದಿಗೂ ಬೇಡ.

ಮಣ್ಣು ಕಲಸುವ ಯಂತ್ರದಲ್ಲಿ ಕೈ ಸಿಕ್ಕಿಕೊಳ್ಳದಂತೆ ಏನು ಮಾಡಬೇಕು?

ಪಗ್ ಮಿಲ್ ಎಂದು ಕರೆಯುವ ಈ ಯಂತ್ರದ ಬಾಯಿಗೆ ಮಣ್ಣು ಇಳಿಯುವಷ್ಟೇ ಅಗಲದ ಕಂಬಿಯ ಜಾಳಿಗೆಯನ್ನು ಬೋಲ್ಟ್ ಹಾಕಿ ಬಿಗಿಯಬೇಕು, ಬೆಲ್ಟ್ ಮತ್ತು ಪುಲ್ಲಿಗಳಿಗೆ ಮುಚ್ಚಳ ಇರಬೇಕು. ಕೈ ಹೋಗುವುದು ಹೆಚ್ಚಾಗಿ ಯಂತ್ರ ಸರಿಯಾಗಿ ಓಡುವಾಗಲ್ಲ, ಕಲ್ಲೋ ಬೇರೋ ಸಿಕ್ಕಿ ಅದು ನಿಂತಾಗ. ಕೆಲಸಗಾರ ಕೈ ಹಾಕಿ ಕಲ್ಲನ್ನು ತೆಗೆಯುತ್ತಿರುವಾಗ, ಅದನ್ನು ಕಾಣದ ಇನ್ನೊಬ್ಬ ಸ್ವಿಚ್ ಒತ್ತುತ್ತಾನೆ. ಇದನ್ನು ತಡೆಯಲು ಒಂದು ಬೀಗ ಸಾಕು. ಮೇನ್ ಸ್ವಿಚ್ ಆರಿಸಿ ಅದರ ಪೆಟ್ಟಿಗೆಗೆ ಬೀಗ ಹಾಕಿ, ಕೈ ಹಾಕುವವನೇ ಬೀಗದ ಕೈಯನ್ನು ತನ್ನ ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಡೀಸೆಲ್ ಇಂಜಿನ್ ಆಗಿದ್ದರೆ ಇಂಜಿನ್ ನಿಲ್ಲಿಸಿ ಬೆಲ್ಟನ್ನು ಕಳಚಬೇಕು. ಸೀರೆಯ ಸೆರಗು, ಹೆಗಲ ಮೇಲಿನ ಟವೆಲ್, ಬಿಟ್ಟ ಜಡೆ ಇವುಗಳನ್ನು ತಿರುಗುವ ಶಾಫ್ಟ್ ಕ್ಷಣದಲ್ಲಿ ಎಳೆದುಕೊಳ್ಳುತ್ತದೆ. ಸೆರಗಿನ ಮೇಲೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ ತೊಟ್ಟುಕೊಳ್ಳುವ ಹೆಣ್ಣುಮಕ್ಕಳ ರೂಢಿ ಇಲ್ಲಿ ಒಳ್ಳೆಯದೇ.

ಇಟ್ಟಿಗೆ ಹೊರುವುದರಿಂದ ಬರುವ ಸೊಂಟನೋವು ಗಾಯ ಎನಿಸುತ್ತದೆಯೇ?

ಖಂಡಿತ. ಒಂದು ಇಟ್ಟಿಗೆ ಸುಮಾರು 3 ಕಿಲೋ ಎಂದು ಹಿಡಿದರೂ, ಹತ್ತರಂತೆ ಹೊತ್ತು ಸಾವಿರ ಇಟ್ಟಿಗೆ ಸಾಗಿಸುವಾಕೆ ನೂರು ಸಲ ಬಗ್ಗಿ ಎದ್ದು ಒಟ್ಟು 3 ಟನ್ ಭಾರವನ್ನು ತಲೆಯ ಮೇಲೆ ದಾಟಿಸಿರುತ್ತಾಳೆ. ಸಿಂಬೆ ಇಟ್ಟುಕೊಂಡರೆ ನೆತ್ತಿಗೆ ಅನುಕೂಲವೇ ಹೊರತು ಕುತ್ತಿಗೆ ಮತ್ತು ಸೊಂಟದ ಮೇಲಿನ ಭಾರ ತಗ್ಗುವುದಿಲ್ಲ. ಎರಡು ಗಾಲಿಯ ತಳ್ಳುಗಾಡಿ, ಅದು ಓಡಾಡಲು ಸಮತಟ್ಟಾದ ದಾರಿ, ಅಚ್ಚು ಹಾಕುವವರು ನೆಲದಲ್ಲಿ ಕುಕ್ಕರಗಾಲಿನಲ್ಲಿ ಕೂರುವ ಬದಲು ನಿಂತು ಮಾಡಬಹುದಾದ ಎತ್ತರದ ಮೇಜು, ಇವು ದೊಡ್ಡ ಖರ್ಚಿನ ಸಂಗತಿಗಳಲ್ಲ. ಗರ್ಭಿಣಿಯರಿಗೆ ಹೊರೆಯ ಕೆಲಸ ಕೊಡಬಾರದು.

ಉರಿಯುತ್ತಿರುವ ಭಟ್ಟಿಯ ಹತ್ತಿರ ಯಾವ ಅಪಾಯಗಳಿವೆ?

ಬೆಂಕಿಯ ಅಪಾಯ ಎಲ್ಲರಿಗೂ ಕಾಣುತ್ತದೆ. ಭಟ್ಟಿಯ ಒಳಗೆ ಉಷ್ಣತೆ 900ರಿಂದ 1000 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಒಲೆಯ ಬಾಯಿಗೆ ಕಟ್ಟಿಗೆ, ಹೊಟ್ಟು ಅಥವಾ ಕಲ್ಲಿದ್ದಲು ಹಾಕುವಾಗ ಜ್ವಾಲೆ ಹಿಂದಕ್ಕೆ ಚಿಮ್ಮುವುದರಿಂದ ಉದ್ದ ಹಿಡಿಕೆಯ ಸಲಿಕೆ ಬಳಸಬೇಕು, ಬಾಯಿಯ ಎದುರಿಗೆ ನಿಲ್ಲದೆ ಪಕ್ಕದಲ್ಲಿ ನಿಲ್ಲಬೇಕು, ದಪ್ಪ ಹತ್ತಿಯ ಬಟ್ಟೆ ತೊಡಬೇಕು. ನೈಲಾನ್, ಪಾಲಿಸ್ಟರ್ ಬಟ್ಟೆಗಳು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಮೇಲಿನ ಹೊಟ್ಟು ಒಳಗೊಳಗೇ ಉರಿದು ಟೊಳ್ಳಾಗುವುದರಿಂದ ಭಟ್ಟಿಯ ಮೇಲೆ ನಡೆಯುವವರು ಅಗಲವಾದ ಹಲಗೆ ಹಾಕಿಕೊಳ್ಳದೆ ಕಾಲಿಡಬಾರದು.

ಕಾಣದ ಅಪಾಯ ಇದಕ್ಕಿಂತ ದೊಡ್ಡದು. ಅರೆಬರೆ ಉರಿಯುವ ಕಟ್ಟಿಗೆ ಮತ್ತು ಕಲ್ಲಿದ್ದಲಿನಿಂದ ಕಾರ್ಬನ್ ಮೋನಾಕ್ಸೈಡ್ ಎಂಬ ಅನಿಲ ಹೊರಬೀಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಆಕ್ರಮಿಸುತ್ತದೆ. ತಲೆನೋವು, ವಾಕರಿಕೆ, ತೂಕಡಿಕೆ ಅದರ ಮೊದಲ ಲಕ್ಷಣಗಳಾದ್ದರಿಂದ ಮಲಗಿದವನಿಗೆ ಅದು ತಿಳಿಯುವುದೇ ಇಲ್ಲ. ಚಳಿಗಾಲದ ರಾತ್ರಿ ಬೆಚ್ಚಗಿರುತ್ತದೆಂದು ಭಟ್ಟಿಯ ಮೇಲೆ ಮಲಗುವ ಅಭ್ಯಾಸ ದೇಶದ ಹಲವೆಡೆ ಜೀವ ತೆಗೆದಿದೆ. 2023ರ ಮಾರ್ಚ್‌ನಲ್ಲಿ ಛತ್ತೀಸಗಢದ ಮಹಾಸಮುಂದ ಜಿಲ್ಲೆಯಲ್ಲಿ ಹೀಗೆ ಭಟ್ಟಿಯ ಮೇಲೆ ಮಲಗಿದ್ದ ಐವರು ಕಾರ್ಮಿಕರು ಸತ್ತರು. ಭಟ್ಟಿಯ ಮೇಲಾಗಲಿ, ಗಾಳಿ ಬೀಸುವ ದಿಕ್ಕಿನಲ್ಲಿ ಅದರ ಪಕ್ಕದಲ್ಲಾಗಲಿ ಯಾರನ್ನೂ ಮಲಗಲು ಬಿಡಬಾರದು ಎಂಬುದು ಎಷ್ಟು ಮುಖ್ಯವೋ, ಅವರು ಮಲಗಲು ಗಾಳಿ ತಡೆಯುವ ಕೋಣೆ ಮತ್ತು ಕಂಬಳಿ ಕೊಡುವುದೂ ಅಷ್ಟೇ ಮುಖ್ಯ. ಚಳಿಗೆ ಬೇರೆ ದಾರಿಯಿಲ್ಲದವರಿಗೆ ಬರಿಯ ನಿಷೇಧ ಹೇಳಿದರೆ ಅವರು ನಡುರಾತ್ರಿ ಮತ್ತೆ ಅಲ್ಲಿಗೇ ಹೋಗುತ್ತಾರೆ. ಯಾರಾದರೂ ಹಾಗೆ ಎಚ್ಚರ ತಪ್ಪಿ ಬಿದ್ದಿದ್ದರೆ ಅವರನ್ನು ತಡಮಾಡದೆ ತೆರೆದ ಗಾಳಿಗೆ ತಂದು 108ಕ್ಕೆ ಕರೆ ಮಾಡಬೇಕು.

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕೆಲಸ ನಡೆಸುವುದು ಹೇಗೆ?

ಕಷ್ಟದ ಕೆಲಸವನ್ನು ನಸುಕಿನಲ್ಲಿ ಮತ್ತು ಸಂಜೆಗೆ ಹೊಂದಿಸಿ, ನಡುಹಗಲು ನೆರಳಿನಲ್ಲಿ ಬಿಡುವು ಕೊಡಬೇಕು. ಬಾಯಾರಿಕೆಯಾಗುವವರೆಗೆ ಕಾಯದೆ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಒಳ್ಳೆಯವು. ಹೊಸದಾಗಿ ಬಂದವರ ಮೈ ಬಿಸಿಲಿಗೆ ಒಗ್ಗಲು ಒಂದು ವಾರವಾದರೂ ಬೇಕು. ಅವರಿಗೆ ಮೊದಲ ದಿನ ಬಿಸಿಲಿನಲ್ಲಿ ಪೂರ್ತಿ ಕೆಲಸದ ಐದರಲ್ಲೊಂದು ಪಾಲನ್ನು ಮಾತ್ರ ಕೊಟ್ಟು, ದಿನಕ್ಕೊಂದು ಪಾಲಿನಂತೆ ಏರಿಸುತ್ತ ಹೋಗಬೇಕು. ಮೈ ಸುಡುತ್ತಿದ್ದು, ಮಾತು ತೊದಲಿ, ಬುದ್ಧಿ ಮಂಕಾಗಿದ್ದರೆ ಅದು ಶಾಖಾಘಾತ: ನೆರಳಿಗೆ ತಂದು ಮೈತುಂಬ ನೀರು ಸುರಿಯುತ್ತ, ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ಧೂಳಿನಿಂದ ನಿಜವಾಗಿಯೂ ಅಷ್ಟು ತೊಂದರೆಯಿದೆಯೇ? ಬಾಯಿಗೆ ಟವೆಲ್ ಕಟ್ಟಿಕೊಂಡರೆ ಸಾಲದೇ?

ತೊಂದರೆಯಿದೆ, ಮತ್ತು ಟವೆಲ್ ಸಾಲದು. ಮಣ್ಣು ಮತ್ತು ಮರಳಿನಲ್ಲಿ ಹರಳಿನ ರೂಪದ ಸಿಲಿಕಾ ಇರುತ್ತದೆ. ಒಣಮಣ್ಣನ್ನು ಜರಡಿ ಹಿಡಿಯುವಾಗ, ಸುಟ್ಟ ಭಟ್ಟಿಯನ್ನು ಬಿಚ್ಚುವಾಗ, ಬೂದಿಯನ್ನು ಗುಡಿಸುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ದಪ್ಪ ಕಣಗಳು ಮೂಗಿನಲ್ಲೇ ನಿಲ್ಲುತ್ತವೆ. ಕಾಣದಷ್ಟು ಸಣ್ಣ ಕಣಗಳು ಬಟ್ಟೆಯ ನೇಯ್ಗೆಯನ್ನು ದಾಟಿ ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲಿ ಗಾಯದ ಕಲೆಗಳನ್ನು ಮಾಡುತ್ತವೆ. ಸಿಲಿಕೋಸಿಸ್ ಎಂಬ ಈ ಕಾಯಿಲೆಯನ್ನು ಗುಣಪಡಿಸುವ ಔಷಧವಿಲ್ಲ, ಧೂಳಿನ ಕೆಲಸ ಬಿಟ್ಟ ಮೇಲೂ ಅದು ಬೆಳೆಯುತ್ತಲೇ ಹೋಗಬಹುದು. ಅದು ಕ್ಷಯರೋಗಕ್ಕೂ ದಾರಿ ಮಾಡಿಕೊಡುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಉಸಿರಿನ ಮೂಲಕ ಒಳಹೋಗುವ ಹರಳು ಸಿಲಿಕಾವನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಧೂಳನ್ನು ತಡೆಯುವ ಅತಿ ಅಗ್ಗದ ಸಾಧನ ನೀರು. ಓಡಾಡುವ ದಾರಿಗೆ ದಿನವೂ ನೀರು ಚಿಮುಕಿಸುವುದು, ಬೂದಿಯನ್ನು ಒದ್ದೆ ಮಾಡಿ ಎತ್ತುವುದು, ಒಣ ಕಸಬರಿಗೆಯನ್ನು ಬಿಡುವುದು, ಭಟ್ಟಿ ಬಿಚ್ಚುವಾಗ ಗಾಳಿಗೆ ಬೆನ್ನು ಮಾಡಿ ನಿಲ್ಲುವುದು ಇವೆಲ್ಲ ಇಂದೇ ಆರಂಭಿಸಬಹುದಾದ ಕೆಲಸಗಳು. ಒದ್ದೆ ಮಾಡಲು ಆಗದ ಕಡೆ ಎನ್95 ಮಟ್ಟದ ಮಾಸ್ಕ್ ಬೇಕು. ಅದು ಮುಖಕ್ಕೆ ಸುತ್ತಲೂ ಅಂಟಿಕೊಂಡಿರಬೇಕು, ಗಡ್ಡವಿದ್ದರೆ ಸಂದಿನಿಂದ ಧೂಳು ಒಳನುಗ್ಗುತ್ತದೆ. ಕೆಮ್ಮು, ಏದುಸಿರು ಇದ್ದವರು ವೈದ್ಯರ ಬಳಿ ಹೋದಾಗ ಎಷ್ಟು ವರ್ಷ ಯಾವ ಧೂಳಿನಲ್ಲಿ ಕೆಲಸ ಮಾಡಿದ್ದೀರಿ ಎಂಬುದನ್ನು ತಾವಾಗಿಯೇ ಹೇಳಬೇಕು. ಆ ಮಾತು ಬಾರದಿದ್ದರೆ ಸಿಲಿಕೋಸಿಸ್ ಬರಿಯ ಕ್ಷಯವೆಂದು ದಾಖಲಾಗಿ, ಮುಂದೆ ಪರಿಹಾರ ಕೇಳುವ ದಾರಿಯೂ ಮುಚ್ಚಿಹೋಗಬಹುದು.

ಗಾಜಿನ ಧೂಳಿನಿಂದಲೂ ಸಿಲಿಕೋಸಿಸ್ ಬರುತ್ತದೆಯೇ?

ಗಾಜನ್ನು ಮರಳಿನಿಂದ ಮಾಡುತ್ತಾರಾದರೂ ಕರಗಿ ಗಾಜಾದ ಮೇಲೆ ಸಿಲಿಕಾ ಹರಳಿನ ರೂಪದಲ್ಲಿ ಉಳಿಯುವುದಿಲ್ಲ. ಹಾಗಾಗಿ ಗಾಜಿನ ಅಂಚು ಉಜ್ಜುವಾಗ ಏಳುವ ಪುಡಿ ಕಣ್ಣು, ಗಂಟಲುಗಳನ್ನು ಕೆರಳಿಸುತ್ತದೆಯೇ ಹೊರತು ಸಿಲಿಕೋಸಿಸ್ ತರುವುದಿಲ್ಲ. ನಿಜವಾದ ಅಪಾಯವಿರುವುದು ಗಾಜಿಗೆ ಚಿತ್ತಾರ ಬಿಡಿಸಲು ಮರಳನ್ನು ರಭಸದಿಂದ ಊದುವ ಸ್ಯಾಂಡ್ ಬ್ಲಾಸ್ಟಿಂಗ್‌ನಲ್ಲಿ. ಅಲ್ಲಿ ಮರಳು ಪುಡಿಯಾಗಿ ಹೊಸದಾಗಿ ಒಡೆದ ಸಿಲಿಕಾ ಕಣಗಳು ಕೋಣೆ ತುಂಬುತ್ತವೆ. ಇಂಥ ಕೆಲಸದಲ್ಲಿ ದಶಕಗಳಲ್ಲ, ಕೆಲವೇ ವರ್ಷಗಳಲ್ಲಿ ಶ್ವಾಸಕೋಶ ಹಾಳಾಗಬಹುದು. ಈ ಕೆಲಸಕ್ಕೆ ನದಿಯ ಮರಳನ್ನು ಬಳಸಲೇಬಾರದು. ಅಲ್ಯೂಮಿನಿಯಂ ಆಕ್ಸೈಡ್‌ನಂಥ ಬದಲಿ ಪುಡಿಯನ್ನು, ಕೈತೂರಿಸಲು ಮಾತ್ರ ತೂತುಗಳಿರುವ ಮುಚ್ಚಿದ ಪೆಟ್ಟಿಗೆಯೊಳಗೆ, ಧೂಳು ಹೀರುವ ಯಂತ್ರದೊಂದಿಗೆ ಬಳಸಬೇಕು.

ದೊಡ್ಡ ಗಾಜಿನ ಹಾಳೆಗಳನ್ನು ಹೇಗೆ ಇಡಬೇಕು, ಹೇಗೆ ಎತ್ತಬೇಕು?

ಗಾಜಿನ ಕೆಲಸದಲ್ಲಿ ಕೈ ಕೊಯ್ದುಕೊಳ್ಳುವುದು ಹೆಚ್ಚು, ಆದರೆ ಸಾವು ತರುವುದು ಗಾಜಿನ ತೂಕ. ಲೆಕ್ಕ ಸುಲಭ: ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. 3 ಮೀಟರ್ ಉದ್ದ, 2 ಮೀಟರ್ ಅಗಲ, 10 ಮಿಲಿಮೀಟರ್ ದಪ್ಪದ ಒಂದೇ ಹಾಳೆ 150 ಕಿಲೋ ಆಗುತ್ತದೆ; ಅಂಥ ಹತ್ತು ಹಾಳೆಗಳ ಸಾಲು ಒಂದೂವರೆ ಟನ್. ಅದು ಬಹುಮಟ್ಟಿಗೆ ನೆಟ್ಟಗೆ ನಿಂತಿದ್ದರೆ ಹಿಂದಿನ ಹಾಳೆಯನ್ನು ನೋಡಲು ಮುಂದಿನದನ್ನು ಸ್ವಲ್ಪ ಎಳೆದರೂ ಸಾಕು, ಇಡೀ ಸಾಲು ಮುಂದಕ್ಕೆ ಮಗುಚುತ್ತದೆ. ಮುಂದೆ ನಿಂತವನು ಎದುರಿನ ಗೋಡೆಗೂ ಗಾಜಿಗೂ ನಡುವೆ ಸಿಕ್ಕಿಕೊಳ್ಳುತ್ತಾನೆ.

ಆದ್ದರಿಂದ ಹಾಳೆಗಳನ್ನು ನೆಲಕ್ಕೆ ಬೋಲ್ಟ್ ಮಾಡಿದ, ಕೆಳಗೂ ಹಿಂದೆಯೂ ರಬ್ಬರ್ ಪಟ್ಟಿಯಿರುವ ಇಳಿಜಾರು ಚೌಕಟ್ಟಿನಲ್ಲಿ ನಿಲ್ಲಿಸಿ, ಮುಂದೆ ಪಟ್ಟಿ ಬಿಗಿದು ಇಡಬೇಕು. ಎರಡು ಬದಿಯ ಚೌಕಟ್ಟಾದರೆ ಎರಡೂ ಕಡೆ ತೂಕ ಸಮನಾಗಿರುವಂತೆ ತುಂಬಬೇಕು, ಹಾಗೆಯೇ ಎರಡೂ ಕಡೆಯಿಂದ ತೆಗೆಯಬೇಕು. ಲಾರಿಯಿಂದ ಇಳಿಸುವಾಗಿನ ಅಪಾಯ ಇನ್ನೂ ಹೆಚ್ಚು: ಲಾರಿ ಓರೆಯಾದ ರಸ್ತೆಯಲ್ಲಿ ನಿಂತಿದ್ದರೆ ಹಗ್ಗ ಬಿಚ್ಚಿದ ಕೂಡಲೇ ಹಾಳೆಗಳು ಬೀಳಬಹುದು. ಸಮತಟ್ಟಾದ ಜಾಗದಲ್ಲಿ ಲಾರಿ ನಿಲ್ಲಿಸಿ, ಹಾಳೆಗಳು ಬಿದ್ದರೆ ಎಲ್ಲಿ ಬೀಳುತ್ತವೆಯೋ ಆ ಜಾಗದಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡೇ ಹಗ್ಗಕ್ಕೆ ಕೈ ಹಾಕಬೇಕು. ದೊಡ್ಡ ಹಾಳೆಗಳನ್ನು ವ್ಯಾಕ್ಯೂಮ್ ಕಪ್ ಇರುವ ಎತ್ತುವ ಯಂತ್ರದಿಂದಲೇ ಸಾಗಿಸಬೇಕು. ಕಪ್ ಹಚ್ಚುವ ಮೊದಲು ಗಾಜನ್ನೂ ಕಪ್ಪಿನ ರಬ್ಬರನ್ನೂ ಒರೆಸಬೇಕು, ಏಕೆಂದರೆ ಧೂಳು ಕೂತಲ್ಲಿ ಹಿಡಿತ ಸಡಿಲುತ್ತದೆ. ಹೊಸಬರಿಗೆ ಮೊದಲ ದಿನವೇ ಕಲಿಸಬೇಕಾದ ಪಾಠವೆಂದರೆ ಬೀಳುವ ಗಾಜನ್ನು ಹಿಡಿಯಬಾರದು ಎಂಬುದು. ಕೈ ಬಿಟ್ಟು ದೂರ ಸರಿಯಬೇಕು. ಒಡೆದ ಗಾಜಿನ ಬೆಲೆಯನ್ನು ಕೂಲಿಯಲ್ಲಿ ಮುರಿಯುವ ಮಾಲೀಕರು, ಹಿಡಿಯಲು ಹೋಗಿ ಸಾಯುವಂತೆ ತಮ್ಮ ಕೆಲಸಗಾರರಿಗೆ ಕಲಿಸುತ್ತಿದ್ದಾರೆ.

ಗಾಜು ಕತ್ತರಿಸುವವರಿಗೆ ಯಾವ ಕೈಗವಸು, ಯಾವ ಕನ್ನಡಕ ಸರಿ?

ಸಾಧಾರಣ ಹತ್ತಿಯ ಕೈಗವಸು ಗಾಜಿನ ಅಂಚನ್ನು ತಡೆಯುವುದಿಲ್ಲ. ಕೊಯ್ತ ತಡೆಯುವ ಕೈಗವಸುಗಳ ಮೇಲೆ ಇಎನ್ 388 ಎಂಬ ಯುರೋಪಿನ ಮಾನಕದ ಗುರುತು ಇದ್ದು, ಕೊಯ್ತ ತಡೆಯುವ ಶಕ್ತಿಯನ್ನು ಎ ಯಿಂದ ಎಫ್‌ವರೆಗಿನ ಅಕ್ಷರಗಳಲ್ಲಿ ತೋರಿಸಿರುತ್ತಾರೆ. ಅಕ್ಷರ ಮುಂದೆ ಹೋದಷ್ಟೂ ರಕ್ಷಣೆ ಹೆಚ್ಚು. ಮಣಿಕಟ್ಟಿನಿಂದ ಮೊಣಕೈವರೆಗೆ ತೋಳುಚೀಲವೂ ಬೇಕು, ಏಕೆಂದರೆ ಮಣಿಕಟ್ಟಿನ ರಕ್ತನಾಳ ಕೊಯ್ದರೆ ನಿಮಿಷಗಳಲ್ಲಿ ಪ್ರಾಣಾಪಾಯ. ತಿರುಗುವ ಡ್ರಿಲ್ಲಿನ ಮುಂದೆ ಮಾತ್ರ ಸಡಿಲವಾದ ಕೈಗವಸು ಹಾಕಬಾರದು, ಅದು ಕೈಯನ್ನೇ ಒಳಕ್ಕೆ ಸೆಳೆಯುತ್ತದೆ. ಕಣ್ಣಿಗೆ ಬದಿಗಳೂ ಮುಚ್ಚಿರುವ ಕನ್ನಡಕ ಬೇಕು. ಕುಲುಮೆಯ ಹೊಳೆಯುವ ಬಾಯನ್ನು ವರ್ಷಗಟ್ಟಲೆ ಬರಿಗಣ್ಣಿನಿಂದ ನೋಡುವವರಿಗೆ ಅವಕೆಂಪು ಕಿರಣಗಳಿಂದ ಕಣ್ಣಿನ ಪೊರೆ ಬರುವುದು ಬಹಳ ಹಿಂದೆಯೇ ಗೊತ್ತಾಗಿರುವ ಸಂಗತಿ. ಅವರಿಗೆ ಆ ಕಿರಣಗಳನ್ನು ತಡೆಯುವ ಬಣ್ಣದ ಮಸೂರ ಬೇಕು.

ಅಂಚು ಉಜ್ಜುವಾಗ ನೀರೂ ವಿದ್ಯುತ್ತೂ ಒಂದೇ ಕಡೆ ಇರುವುದರಿಂದ 30 ಮಿಲಿಆಂಪಿಯರ್ ವಿದ್ಯುತ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ ಇಲ್ಲದ ಕಡೆ ಆ ಯಂತ್ರವನ್ನು ಓಡಿಸಬಾರದು.

ಗಾಜನ್ನು ಮಂಜಾಗಿಸುವ ಆ್ಯಸಿಡ್ ಬಗ್ಗೆ ಏಕೆ ಇಷ್ಟು ಹೆದರಿಸುತ್ತಾರೆ?

ಅದು ಹೈಡ್ರೋಫ್ಲೋರಿಕ್ ಆ್ಯಸಿಡ್ ಆಗಿರುವುದರಿಂದ. ತೆಳು ದ್ರಾವಣ ತಾಗಿದ ಕೂಡಲೇ ಉರಿ ಗೊತ್ತಾಗದೆ, ಗಂಟೆಗಳ ನಂತರ ತಡೆಯಲಾಗದ ನೋವು ಶುರುವಾಗಬಹುದು. ಅಷ್ಟರಲ್ಲಿ ಅದು ಚರ್ಮದ ಆಳಕ್ಕೆ ಇಳಿದು ದೇಹದ ಕ್ಯಾಲ್ಸಿಯಂ ಅನ್ನು ಬಂಧಿಸಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ತಾಗಿದ ತಕ್ಷಣ ಹರಿಯುವ ನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಹಚ್ಚಿ, ಯಾವ ಆ್ಯಸಿಡ್ ಎಂದು ಹೇಳಿ ಆಸ್ಪತ್ರೆಗೆ ಒಯ್ಯಬೇಕು. ಆ ಜೆಲ್ ಕೈಗೆಟುಕುವಲ್ಲಿ ಇಲ್ಲದ ಅಂಗಡಿ ಈ ಕೆಲಸವನ್ನು ಒಪ್ಪಿಕೊಳ್ಳಬಾರದು. ಮಂಜು ಗಾಜು ಬೇಕಾದರೆ ಮೇಲೆ ಅಂಟಿಸುವ ಫಿಲ್ಮ್ ಸಿಗುತ್ತದೆ.

ಅಪಘಾತವಾದ ಕೂಡಲೇ ಸ್ಥಳದಲ್ಲಿ ಏನು ಮಾಡಬೇಕು?

ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ಅರಿಶಿನ, ಮಂಜುಗಡ್ಡೆ ಯಾವುದೂ ಬೇಡ. ಉಂಗುರ, ಬಳೆಗಳನ್ನು ಬಾವು ಬರುವ ಮೊದಲೇ ತೆಗೆಯಿರಿ. ರಕ್ತ ಸುರಿಯುವ ಗಾಯವನ್ನು ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಗಾಜಿನ ಚೂರು ಒಳಗೆ ನಾಟಿದ್ದರೆ ಅದನ್ನು ಕೀಳದೆ ಅದರ ಎರಡು ಬದಿಗೆ ಒತ್ತಿರಿ, ಏಕೆಂದರೆ ಎಷ್ಟೋ ಸಲ ರಕ್ತವನ್ನು ತಡೆದಿರುವುದು ಆ ಚೂರೇ ಆಗಿರುತ್ತದೆ. ಕಣ್ಣಿಗೆ ಚೂರು ಚುಚ್ಚಿದ್ದರೆ ಉಜ್ಜಬೇಡಿ, ತೆಗೆಯಬೇಡಿ. ಒತ್ತಡ ಬೀಳದಂತೆ ಕಾಗದದ ಲೋಟವನ್ನು ಮೇಲೆ ಮುಚ್ಚಿ ಕರೆದೊಯ್ಯಿರಿ. ಬೆರಳು ತುಂಡಾದರೆ ಅದನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲೆ ಇಡಿ. ಬೆರಳಿಗೆ ನೇರವಾಗಿ ಮಂಜುಗಡ್ಡೆ ತಾಗಿದರೆ ಮರುಜೋಡಣೆ ಆಗದು. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗಿನ ಜಿಮ್ಸ್ ಅಥವಾ ಹಾವೇರಿಯ ಜಿಲ್ಲಾ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ ಹೋಗುವ ದಾರಿಯನ್ನು ಭಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಮೊದಲೇ ತಿಳಿಸಿರಬೇಕು. ಊರಾಚೆಯ ಭಟ್ಟಿಗೆ ಆಂಬ್ಯುಲೆನ್ಸ್ ದಾರಿ ಹುಡುಕುವುದು ಕಷ್ಟ. ಸುದ್ದಿ ಮುಟ್ಟಿಸಿದ ಮೇಲೆ ಒಬ್ಬರು ಮುಖ್ಯ ರಸ್ತೆಗೆ ಹೋಗಿ ನಿಲ್ಲಬೇಕು.

ತಂದೆತಾಯಿಯ ಜೊತೆ ಬಂದ ಮಕ್ಕಳು ಹಸಿ ಇಟ್ಟಿಗೆ ತಿರುವಿ ಹಾಕಿದರೆ ತಪ್ಪೇ?

ತಪ್ಪು. 14 ವರ್ಷದೊಳಗಿನವರನ್ನು ಕೆಲಸಕ್ಕೆ ಹಚ್ಚುವುದು ಅಪರಾಧ, 18 ವರ್ಷದೊಳಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದೂ ಅಪರಾಧ. ಮಕ್ಕಳನ್ನು ಭಟ್ಟಿಯಿಂದ ದೂರದ ನೆರಳಿನಲ್ಲಿ ನೋಡಿಕೊಳ್ಳಲು ಒಬ್ಬರನ್ನು ಕೂಲಿ ಕೊಟ್ಟು ನೇಮಿಸಬೇಕು, ಹತ್ತಿರದ ಅಂಗನವಾಡಿ ಮತ್ತು ಶಾಲೆಗೆ ಸೇರಿಸಬೇಕು. ಮಕ್ಕಳ ಸಹಾಯವಾಣಿ 1098.

ಅಪಾಯ ಕಂಡರೆ ಕೆಲಸಗಾರರು ಯಾರಿಗೆ ಹೇಳಬೇಕು?

2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಜೀವಕ್ಕೆ ಅಥವಾ ಮೈಗೆ ಗಂಭೀರ ಅಪಾಯ ಸನ್ನಿಹಿತವಾಗಿದೆ ಎಂಬ ಸಕಾರಣ ಶಂಕೆಯಿದ್ದರೆ ಅದನ್ನು ಮಾಲೀಕರ ಗಮನಕ್ಕೆ ತರುವ, ಅದೇ ವೇಳೆಗೆ ಸರ್ಕಾರದ ನಿರೀಕ್ಷಕರಿಗೂ ತಿಳಿಸುವ ಹಕ್ಕನ್ನು ಅದು ಕಾರ್ಮಿಕರಿಗೆ ಕೊಡುತ್ತದೆ. ಕರ್ನಾಟಕದಲ್ಲಿ ಈ ಕೆಲಸ ನೋಡುವುದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ. ಕೂಲಿ ಮತ್ತು ಮುಂಗಡದ ತಕರಾರುಗಳಿಗೆ ಕಾರ್ಮಿಕ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಬೇಕು. ಮುಂಗಡದ ಸಾಲ ತೀರುವವರೆಗೆ ಹೊರಗೆ ಹೋಗಲು ಬಿಡುವುದಿಲ್ಲ ಎನ್ನುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅಪರಾಧ. ಅದರ ದೂರನ್ನು ತಹಶೀಲ್ದಾರರಿಗೆ ಅಥವಾ ಜಿಲ್ಲಾಧಿಕಾರಿಗೆ ಕೊಡಬಹುದು.

ಗಾಯವಾದವರಿಗೆ ಪರಿಹಾರ ಸಿಗುತ್ತದೆಯೇ? ‘ಅವನೇ ಕೈಗವಸು ಹಾಕಿರಲಿಲ್ಲ’ ಎಂದು ಮಾಲೀಕರು ಹೇಳಿದರೆ?

ಇಎಸ್‌ಐಗೆ (ನೌಕರರ ರಾಜ್ಯ ವಿಮಾ ಯೋಜನೆಗೆ) ಸೇರಿದ ಘಟಕವಾಗಿದ್ದರೆ ಚಿಕಿತ್ಸೆಯ ಜೊತೆಗೆ, ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸರಾಸರಿ ಕೂಲಿಯ ಶೇಕಡಾ 90ರಷ್ಟು ಹಣ ಸಿಗುತ್ತದೆ. ಇಎಸ್‌ಐ ಇಲ್ಲದ ಕಡೆ ಪರಿಹಾರ ಕೊಡುವ ಹೊಣೆ ಮಾಲೀಕರದು. ಹಿಂದೆ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿದ್ದ ಈ ವ್ಯವಸ್ಥೆ ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ: ಸಾವು ಸಂಭವಿಸಿದರೆ ತಿಂಗಳ ಕೂಲಿಯ ಅರ್ಧವನ್ನು, ಶಾಶ್ವತವಾಗಿ ಪೂರ್ಣ ಅಂಗವೈಕಲ್ಯವಾದರೆ ಶೇಕಡಾ 60ನ್ನು, ವಯಸ್ಸಿಗೆ ನಿಗದಿಯಾದ ಅಂಕಿಯಿಂದ ಗುಣಿಸಿ ಮೊತ್ತವನ್ನು ಕಟ್ಟುತ್ತಾರೆ. ಸಿಲಿಕೋಸಿಸ್ ಕೂಡ ಪರಿಹಾರಕ್ಕೆ ಅರ್ಹವಾದ ವೃತ್ತಿರೋಗ. ಗುತ್ತಿಗೆದಾರನ ಮೂಲಕ ಬಂದ ಕೆಲಸಗಾರ ಎಂಬ ಕಾರಣಕ್ಕೆ ಭಟ್ಟಿಯ ಮಾಲೀಕರು ಹೊಣೆಯಿಂದ ತಪ್ಪಿಸಿಕೊಳ್ಳಲಾಗದು.

ಕೈಗವಸಿನ ಮಾತಿಗೆ ಉತ್ತರ ಕಾನೂನಿನಲ್ಲೇ ಇದೆ. ಕೆಲಸಗಾರ ಬೇಕೆಂದೇ ರಕ್ಷಣಾ ಸಾಧನವನ್ನು ಕಡೆಗಣಿಸಿದ್ದ ಎಂಬ ವಾದ ಸಣ್ಣ ಗಾಯಗಳಲ್ಲಿ ಮಾಲೀಕರಿಗೆ ನೆರವಾದರೂ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗಿರುವಲ್ಲಿ ಅದು ನಡೆಯುವುದಿಲ್ಲ. ಅರ್ಜಿಯನ್ನು ಅಪಘಾತವಾದ ಎರಡು ವರ್ಷದೊಳಗೆ ಸಲ್ಲಿಸಬೇಕು. ಅದಕ್ಕಾಗಿ ಮೊದಲ ದಿನವೇ ಆಸ್ಪತ್ರೆಯ ಚೀಟಿಯಲ್ಲಿ ‘ಕೆಲಸದ ಸ್ಥಳದಲ್ಲಿ ಆದ ಗಾಯ’ ಎಂದು ಬರೆಸಿ, ಜೊತೆಗಿದ್ದವರ ಹೆಸರು ಮತ್ತು ಫೋನ್ ನಂಬರುಗಳನ್ನು ಬರೆದಿಟ್ಟುಕೊಂಡು, ಕೂಲಿ ಕೊಟ್ಟ ಲೆಕ್ಕದ ಪುಸ್ತಕದ ಹಾಳೆಗಳ ಫೋಟೊ ತೆಗೆದಿಟ್ಟುಕೊಳ್ಳಬೇಕು. ಹಂಗಾಮು ಮುಗಿದು ಎಲ್ಲರೂ ತಮ್ಮ ತಮ್ಮ ಊರಿಗೆ ಚದುರಿದ ಮೇಲೆ ಈ ಸಾಕ್ಷ್ಯಗಳನ್ನು ಕೂಡಿಸುವುದು ತೀರಾ ಕಷ್ಟ.